ಹೆಸರು ಕೆತ್ತುವ ಮುನ್ನ

ಬೀರೂರು ಜಂಕ್ಷನ್ನಿನಲ್ಲಿ ರೈಲಿನ ದಾರಿ ಕವಲೊಡೆಯುತ್ತದೆ. ಬೆಂಗಳೂರಿನಿಂದ ಕಡೂರಿನ ಮೇಲೆ ಬಂದ ಹಳಿಗಳಲ್ಲಿ ಒಂದು ಕವಲು ತರೀಕೆರೆಯತ್ತ ತಿರುಗಿ ಶಿವಮೊಗ್ಗ ಸೇರುತ್ತದೆ. ಇನ್ನೊಂದು ಅಜ್ಜಂಪುರದ ಬಯಲು ಹಾದು ಹುಬ್ಬಳ್ಳಿಯ ಕಡೆಗೆ ಹೋಗುತ್ತದೆ. ಅತ್ತ ಅಡಿಕೆ ತೋಟದ ನೆರಳು, ಇತ್ತ ರಾಗಿ ಈರುಳ್ಳಿ ಬೆಳೆಯುವ ಬಿಸಿಲು ನೆಲ. ಈ ಮೂರೂ ಊರುಗಳ ಹುಡುಗ ಹುಡುಗಿಯರು ಓದು ಮುಗಿಸಿ ಬೆಂಗಳೂರಿನ ಗಾಡಿ ಹತ್ತುವಾಗ ಹೆಗಲಿಗೊಂದು ಬ್ಯಾಗು, ಅದರೊಳಗೆ ಅಮ್ಮ ಕಟ್ಟಿಕೊಟ್ಟ ರೊಟ್ಟಿ, ಮನಸ್ಸಿನೊಳಗೆ ಒಂದು ಸಂಕಲ್ಪ ಇರುತ್ತದೆ: ‘ಇನ್ನು ಮುಂದೆ ನಾನು ಬೇರೆಯೇ ಆಗಬೇಕು.’

ಬೆಂಗಳೂರಿಗೆ ಹೋಗಿ ವ್ಯಕ್ತಿತ್ವ ವಿಕಸನದ ತರಗತಿಯಲ್ಲಿ ಕುಳಿತರೆ ಅಲ್ಲಿ ಕೇಳಿಬರುವ ಉಪದೇಶ ಇದಕ್ಕೆ ಪೂರಾ ವಿರುದ್ಧ: ‘ನೀವು ನೀವಾಗಿ!’ ಹಾಗೆಂದ ಬಾಯಿಯೇ ಮರುಗಳಿಗೆಯಲ್ಲಿ ಹೇಗೆ ನಿಲ್ಲಬೇಕು, ಹೇಗೆ ಕೈಕುಲುಕಬೇಕು, ಯಾವ ಉಚ್ಚಾರಣೆಯನ್ನು ಬಿಡಬೇಕು ಎಂದು ಕಲಿಸುತ್ತದೆ. ಊರಿನಲ್ಲಿ ಎಲ್ಲರೊಡನೆ ಹರಟುತ್ತಿದ್ದ ಹುಡುಗ ಅಲ್ಲಿ ಬಾಯಿ ಬಿಡಲು ಹೆದರುತ್ತಾನೆ. ಹಬ್ಬಕ್ಕೆ ಊರಿಗೆ ಬಂದಾಗ ಅಪ್ಪನ ಮಾತು ಒರಟು, ಅಮ್ಮನ ಅಡುಗೆ ಮನೆ ಇಕ್ಕಟ್ಟು ಅನ್ನಿಸುತ್ತದೆ. ಅಲ್ಲಿಯೂ ಸಲ್ಲದೆ ಇಲ್ಲಿಯೂ ಸಲ್ಲದೆ ನಿಂತಾಗ ಏಳುವ ಪ್ರಶ್ನೆ ಒಂದೇ. ತಾನು ತಾನಾಗುವುದು ಎಂದರೆ ಏನು? ಇರುವುದನ್ನು ಕಳಚಿ ಹಾಕುವುದೋ, ಒಳಗೆ ಹೂತದ್ದನ್ನು ಅಗೆದು ತೆಗೆಯುವುದೋ, ಅಥವಾ ಇನ್ನೇನಾದರೂ ಇದೆಯೋ?

ಈ ಪ್ರಶ್ನೆಗೆ ಉತ್ತರ ಹುಡುಕಲು ದೂರ ಹೋಗಬೇಕಾಗಿಲ್ಲ. ತರೀಕೆರೆಯ ಹತ್ತಿರದ ಅಮೃತಾಪುರದವರೆಗೆ ಹೋದರೆ ಸಾಕು.

ಅಲ್ಲಿಯ ಅಮೃತೇಶ್ವರ ದೇವಾಲಯವನ್ನು 1196ರಲ್ಲಿ, ಹೊಯ್ಸಳ ದೊರೆ ಇಮ್ಮಡಿ ವೀರಬಲ್ಲಾಳನ ಕಾಲದಲ್ಲಿ, ಅಮೃತೇಶ್ವರ ದಂಡನಾಯಕ ಕಟ್ಟಿಸಿದ. ತಿರುಗಣೆಯಲ್ಲಿ ಕಡೆದಂತೆ ಹೊಳೆಯುವ ಕಂಬಗಳು, ಹೊರಗೋಡೆಯ ಮೇಲೆ ನೂರಾನಲವತ್ತು ಕಥಾಫಲಕಗಳು. ತೆಂಕಣ ಗೋಡೆಯ ಎಪ್ಪತ್ತರಲ್ಲಿ ರಾಮಾಯಣ, ಬಡಗಣ ಗೋಡೆಯಲ್ಲಿ ಕೃಷ್ಣನ ಕಥೆ ಮತ್ತು ಮಹಾಭಾರತ. ತಲೆಯೆತ್ತಿ ನೋಡಿದರೆ ಮಂಟಪದ ಒಂದೊಂದು ಅಂಕಣಕ್ಕೂ ಒಂದೊಂದು ಭುವನೇಶ್ವರಿ, ಕಲ್ಲಿನಲ್ಲಿ ಅರಳಿದ ಗುಮ್ಮಟದ ಹೂವು.

ಈ ಭುವನೇಶ್ವರಿಗಳನ್ನು ಕಡೆದವರಲ್ಲಿ ಮಲ್ಲಿತಮ್ಮ ಎಂಬ ರೂವಾರಿಯೂ ಇದ್ದ. ಅವನ ವೃತ್ತಿಜೀವನ ಶುರುವಾದದ್ದೇ ಅಮೃತಾಪುರದಲ್ಲಿ ಎಂದು ಕಲಾ ಇತಿಹಾಸಕಾರರು ಹೇಳುತ್ತಾರೆ. ಅಲ್ಲಿಂದ ಮುಂದೆ ಅವನ ಹೆಸರು ಹೊಯ್ಸಳ ನಾಡಿನ ಹಲವು ಗುಡಿಗಳಲ್ಲಿ ಕಾಣಸಿಗುತ್ತದೆ. 1246ರ ನುಗ್ಗೇಹಳ್ಳಿಯ ಲಕ್ಷ್ಮೀನರಸಿಂಹ ದೇವಾಲಯದಲ್ಲಿ ತೆಂಕಣ ಗೋಡೆಯ ವಿಗ್ರಹಗಳು ಬೈಚೋಜನವಾದರೆ ಬಡಗಣ ಗೋಡೆಯವು ಮಲ್ಲಿತಮ್ಮನವು. 1258ರ ಸೋಮನಾಥಪುರದಲ್ಲಂತೂ ಹೆಸರು ಕೆತ್ತಿದ ಶಿಲ್ಪಿಗಳಲ್ಲಿ ಹೆಚ್ಚು ವಿಗ್ರಹಗಳು ಅವನವೇ. ಅಮೃತಾಪುರದಲ್ಲಿ ಅವನು ಎಷ್ಟೇ ಎಳೆಯನಾಗಿದ್ದರೂ ಸೋಮನಾಥಪುರದ ಹೊತ್ತಿಗೆ ಎಂಬತ್ತರ ಹತ್ತಿರದ ಮುದುಕನಾಗಿರಬೇಕು. ಅರವತ್ತು ವರ್ಷಕ್ಕೂ ಮಿಕ್ಕಿದ ಕೆಲಸ! ಸೋಮನಾಥಪುರ 2023ರಲ್ಲಿ ಬೇಲೂರು, ಹಳೇಬೀಡುಗಳ ಜೊತೆಗೆ ಯುನೆಸ್ಕೋದ ವಿಶ್ವ ಪರಂಪರೆಯ ಪಟ್ಟಿಗೆ ಸೇರಿತು. ಅದಕ್ಕೆ ಕಾರಣವಾದ ಕೈಗಳಲ್ಲಿ ಒಂದು ತರೀಕೆರೆ ಸೀಮೆಯಲ್ಲಿ ಪಳಗಿದ್ದು.

ಅವನಿಗೆ ಸಿಕ್ಕ ಸ್ವಾತಂತ್ರ್ಯವಾದರೂ ಎಷ್ಟು? ವಿಷ್ಣುವಿನ ಇಪ್ಪತ್ತನಾಲ್ಕು ರೂಪಗಳಿವೆ. ಶಂಖ, ಚಕ್ರ, ಗದೆ, ಪದ್ಮ ಯಾವ ಕೈಯಲ್ಲಿ ಯಾವುದು ಎಂಬುದರ ಮೇಲೆ ಇವನು ಕೇಶವ, ಇವನು ಮಾಧವ ಎಂದು ತೀರ್ಮಾನ. ಶಿಲ್ಪಿ ತನಗೆ ಇಷ್ಟವೆಂದು ಚಕ್ರವನ್ನು ಈ ಕೈಯಿಂದ ಆ ಕೈಗೆ ಬದಲಿಸಿದರೆ ದೇವರೇ ಬದಲಾಗಿಬಿಡುತ್ತಾನೆ. ಅಳತೆ ಶಾಸ್ತ್ರದ್ದು, ಕಥೆ ಪುರಾಣದ್ದು, ಹಣ ದಂಡನಾಯಕನದು. ಆದರೂ ಒಬ್ಬ ರೂವಾರಿಯ ಕೆಲಸ ಇನ್ನೊಬ್ಬನದರಂತೆ ಇಲ್ಲ. ಒಡವೆಯ ಬಳುಕಿನಲ್ಲಿ, ಬಳ್ಳಿಯ ಸುರುಳಿಯಲ್ಲಿ, ಮುಖದ ತುಂಬುವಿಕೆಯಲ್ಲಿ ಕೈಯ ಗುರುತು ಸಿಕ್ಕೇ ಸಿಗುತ್ತದೆ. ಕಟ್ಟುಪಾಡುಗಳನ್ನೆಲ್ಲ ಕಿತ್ತೊಗೆದರೆ ಮಾತ್ರ ತನ್ನತನ ಹೊರಬರುತ್ತದೆ ಎಂದು ನಂಬಿದವರು ಈ ಮಾತನ್ನು ಕೊಂಚ ಯೋಚಿಸಬೇಕು.

ಸಹಿಯ ಸಂಗತಿಯೂ ಕುತೂಹಲಕರ. 1117ರ ಬೇಲೂರಿನಲ್ಲಿ ಬಳ್ಳಿಗಾವೆಯ ದಾಸೋಜ, ಅವನ ಮಗ ಚಾವಣ ಮೊದಲಾದವರು ತಮ್ಮ ಹೆಸರಿನ ಜೊತೆಗೆ ಊರನ್ನೂ ಬಿರುದುಗಳನ್ನೂ ಕೆತ್ತಿಕೊಂಡರು. ಎದುರಾಳಿ ಶಿಲ್ಪಿಗಳ ಪಾಲಿಗೆ ಸಿಡಿಲು ಎಂಬಂಥ ಬಿರುದುಗಳು. ಮಲ್ಲಿತಮ್ಮನ ಸಹಿಯಲ್ಲಿ ಅದೊಂದೂ ಇಲ್ಲ. ಒಂದು ಕಡೆ ‘ಮಲ್ಲಿತಮ್ಮ’, ಇನ್ನೊಂದು ಕಡೆ ‘ಮಲ್ಲಿ’, ಮತ್ತೆ ಕೆಲವೆಡೆ ಬರೀ ‘ಮ’. ಇದನ್ನು ವಿನಯವೆಂದು ಕೊಂಡಾಡುವ ಅವಸರ ಬೇಡ. ಕೂಲಿ ಲೆಕ್ಕಕ್ಕೆ ಅನುಕೂಲವೆಂದು ಹಾಕಿದ ಗುರುತೂ ಆಗಿರಬಹುದು. ಹಾಗಿದ್ದರೂ ಒಂದು ಮಾತು ನಿಜ. ದಾಸೋಜನ ಬಿರುದನ್ನು ಓದಿ ಅವನ ದೊಡ್ಡಸ್ತಿಕೆಯನ್ನು ಯಾರೂ ತಿಳಿಯಲಿಲ್ಲ. ಅವನ ಶಿಲ್ಪ ನೋಡಿ ತಿಳಿದರು. ಮಲ್ಲಿತಮ್ಮನಿಗೆ ‘ಮ’ ಎಂಬ ಒಂದಕ್ಷರವೇ ಸಾಕಾಯಿತು. ಆ ಅಕ್ಷರದ ಹಿಂದೆ ಅರವತ್ತು ವರ್ಷ ನಿಂತಿತ್ತು. ಮನೆಯಲ್ಲಿ ಕಣ್ಣು ಮುಚ್ಚಿ ಕುಳಿತು ‘ನಾನು ಯಾರು’ ಎಂದು ಹುಡುಕುವವರಿಗೆ ಅವನ ಉಳಿ ಹೇಳುವುದು ಇಷ್ಟೆ: ಒಂದು ಕೆಲಸವನ್ನು ಹಿಡಿದು ಬಿಡದೆ ಮಾಡುತ್ತ ಹೋದರೆ ಮಾಡುವವನು ಯಾರೆಂಬುದು ತಾನಾಗಿ ಗೊತ್ತಾಗುತ್ತದೆ.

ಅದೇ ಅಮೃತಾಪುರದಲ್ಲಿ ಇನ್ನೊಬ್ಬನೂ ಇದ್ದಾನೆ. ದೇವಾಲಯದ ಬಳಿ ನಿಂತಿರುವ ದೊಡ್ಡ ಶಾಸನದ ಪದ್ಯಗಳನ್ನು ಬರೆದವನು ಕವಿ ಜನ್ನ. ಅವನು ಜೈನ, ಗುಡಿ ಶಿವನದು, ಹೊಗಳಿಕೆ ಕಟ್ಟಿಸಿದವರದು. ಹೇಳಿ ಬರೆಸಿದ ಕೆಲಸ. ಇಂದಿನ ಮಾತಿನಲ್ಲಿ ಹೇಳುವುದಾದರೆ ಹೊಟ್ಟೆಪಾಡಿನ ಬರವಣಿಗೆ. ಆದರೆ ಆ ಶಾಸನದ ನಂತರ ಹತ್ತು ಹನ್ನೆರಡು ವರ್ಷಗಳಲ್ಲಿ, 1209ರಲ್ಲಿ, ಅದೇ ಕೈ ‘ಯಶೋಧರ ಚರಿತೆ’ಯನ್ನು ಬರೆಯಿತು. ಕಚೇರಿಯ ಕೆಲಸ ಮಾಡುತ್ತ ‘ಇದು ನಿಜವಾದ ನಾನಲ್ಲ’ ಎಂದು ಕೊರಗುವ ಗುಮಾಸ್ತರು, ಶಿಕ್ಷಕರು, ಬ್ಯಾಂಕಿನವರು ಎಷ್ಟು ಮಂದಿ ಇಲ್ಲ! ಅನ್ನದ ಕೆಲಸವೂ ಅಭ್ಯಾಸವೇ ಎಂದು ಜನ್ನನ ಶಾಸನ ಅವರಿಗೆ ಸಮಾಧಾನ ಹೇಳಬಲ್ಲದು. ಅದನ್ನು ಶ್ರದ್ಧೆಯಿಂದ ಮಾಡಿದ್ದರೆ, ಮತ್ತು ಅದರಲ್ಲೇ ನಿಂತುಬಿಡದಿದ್ದರೆ.

‘ಯಶೋಧರ ಚರಿತೆ’ಯ ಕಥೆಯೂ ಈ ವಿಷಯಕ್ಕೆ ತೀರ ಹತ್ತಿರದ್ದು. ಯಶೋಧರ ರಾಜನಿಗೆ ಪ್ರಾಣಿಬಲಿ ಒಪ್ಪಿಗೆಯಿಲ್ಲ. ತಾಯಿ ಬಲಿ ಕೊಡಲೇಬೇಕೆಂದು ಹಟ ಹಿಡಿಯುತ್ತಾಳೆ. ಅಮ್ಮನ ಮನಸ್ಸೂ ನೋಯಬಾರದು, ತನ್ನ ವ್ರತವೂ ಕೆಡಬಾರದು ಎಂದು ಅವನು ನಡುದಾರಿಯೊಂದನ್ನು ಹಿಡಿಯುತ್ತಾನೆ. ಹಿಟ್ಟಿನ ಕೋಳಿಯನ್ನು ಮಾಡಿಸಿ ಕಡಿಯುತ್ತಾನೆ. ಕತ್ತಿ ಬಿದ್ದಾಗ ಆ ಹಿಟ್ಟಿನ ಕೋಳಿ ಕೂಗುತ್ತದೆ! ಸಂಕಲ್ಪದಲ್ಲಿ ನಡೆದ ಹಿಂಸೆಗಾಗಿ ತಾಯಿಯೂ ಮಗನೂ ಜನ್ಮಜನ್ಮಾಂತರ ತೊಳಲುತ್ತಾರೆ.

ಹಿಟ್ಟಿನ ಕೋಳಿ ಕಡಿಯದ ಮನೆ ಎಲ್ಲಿದೆ? ಅಮ್ಮನಿಗಾಗಿ ಬೇಡದ ಕೋರ್ಸು ಸೇರುವ ಮಗಳು, ಅಪ್ಪನಿಗಾಗಿ ಒಲ್ಲದ ಸಂಬಂಧಕ್ಕೆ ತಲೆಯಾಡಿಸುವ ಮಗ, ನಾಲ್ಕು ಜನರಿಗಾಗಿ ಸಾಲ ಮಾಡಿ ಮದುವೆ ಮಾಡುವ ಅಪ್ಪ. ‘ಬರೀ ತೋರಿಕೆಗೆ ತಾನೆ, ಯಾರಿಗೇನು ನಷ್ಟ’ ಎಂದು ಪ್ರತಿಯೊಬ್ಬರೂ ಸಮಾಧಾನ ಹೇಳಿಕೊಳ್ಳುತ್ತಾರೆ. ವರ್ಷಗಳಾದ ಮೇಲೆ ಯಾವುದೋ ರಾತ್ರಿ ಆ ಕೋಳಿ ಕೂಗುತ್ತದೆ. ಆಗ ಮಾತು ಸಿಡುಕಾಗುತ್ತದೆ. ಸಿಟ್ಟು ಹೆಂಡತಿಯ ಮೇಲೋ ಮಕ್ಕಳ ಮೇಲೋ ತಿರುಗುತ್ತದೆ. ಒಪ್ಪದೆ ಒಪ್ಪಿದ್ದರ ಬೆಲೆಯನ್ನು ಒಪ್ಪಿಸಿದವರೂ ತೆರುತ್ತಾರೆ ಎಂಬುದನ್ನು ಜನ್ನ ಎಂಟುನೂರು ವರ್ಷಗಳ ಹಿಂದೆಯೇ ಕಂಡಿದ್ದ.

ಹಾಗಾದರೆ ಹಿರಿಯರಿಗೆ ಎದುರು ನಿಲ್ಲುವುದು ಹೇಗೆ? ಇದಕ್ಕೆ ಕಡೂರು ತಾಲ್ಲೂಕಿನ ದೇವನೂರಿಗೆ ಹೋಗಬೇಕು. ‘ಜೈಮಿನಿ ಭಾರತ’ ಬರೆದ ಲಕ್ಷ್ಮೀಶನ ಊರು ಇದೇ ಎಂಬುದು ಬಹುಜನರ ಒಪ್ಪಿಗೆ. ಅಲ್ಲಿ ಲಕ್ಷ್ಮೀಕಾಂತನ ದೇವಾಲಯವಿದೆ. ತನ್ನ ದೇವಪುರದ ದೇವರನ್ನು ಕವಿ ಕಾವ್ಯದಲ್ಲಿ ಮರೆಯದೆ ನೆನೆಯುತ್ತಾನೆ. ಅವನ ಕಾಲದ ಬಗ್ಗೆ ವಿದ್ವಾಂಸರಲ್ಲಿ ಒಮ್ಮತವಿಲ್ಲ. ಆದರೆ ಅವನ ಕಷ್ಟ ಯಾವುದೆಂದು ಊಹಿಸಬಹುದು. ಕನ್ನಡದಲ್ಲಿ ಭಾರತದ ಕಥೆ ಹೇಳಹೊರಟವನ ಮುಂದೆ ಗದುಗಿನ ಕುಮಾರವ್ಯಾಸ ಬೆಟ್ಟದಂತೆ ನಿಂತಿದ್ದ. ಅವನನ್ನು ಅನುಕರಿಸಿದರೆ ನೆರಳಾಗಬೇಕು, ಅವನೊಡನೆ ಸೆಣಸಿದರೆ ಸೋಲಬೇಕು.

ಲಕ್ಷ್ಮೀಶ ಎರಡನ್ನೂ ಮಾಡಲಿಲ್ಲ. ಕುಮಾರವ್ಯಾಸ ಹತ್ತು ಪರ್ವಗಳಿಗೆ ನಿಲ್ಲಿಸಿದ್ದ. ಲಕ್ಷ್ಮೀಶ ಯುದ್ಧವೆಲ್ಲ ಮುಗಿದ ಮೇಲಿನ ಅಶ್ವಮೇಧದ ಕಥೆಯನ್ನು ಎತ್ತಿಕೊಂಡ, ಅದನ್ನೂ ಜೈಮಿನಿಯ ದಾರಿಯಲ್ಲಿ. ಭಾಮಿನಿ ಷಟ್ಪದಿ ಬಿಟ್ಟು ವಾರ್ಧಕ ಷಟ್ಪದಿಯ ಲಯ ಹಿಡಿದ. ಉಪಮೆಗಳಲ್ಲಿ ಮನಸ್ಸಿಟ್ಟ. ಜನ ಅವನನ್ನು ‘ಉಪಮಾಲೋಲ’ ಎಂದು ಕರೆದರು. ಹಿರಿಯನ ಬಗ್ಗೆ ಗೌರವ ಇಟ್ಟುಕೊಂಡೇ ತನಗೊಂದು ಜಾಗ ಮಾಡಿಕೊಂಡ. ಗಮಕಿಗಳು ಹಳ್ಳಿಹಳ್ಳಿಯಲ್ಲಿ ಕುಮಾರವ್ಯಾಸನ ಜೊತೆಗೇ ಅವನನ್ನೂ ವಾಚಿಸುತ್ತ ಬಂದರು. ದೊಡ್ಡ ಅಣ್ಣನ ಮನೆಯಲ್ಲಿ ಹುಟ್ಟಿದ ತಮ್ಮಂದಿರಿಗೆ, ಹೆಸರುವಾಸಿ ಮೇಷ್ಟರ ಮಕ್ಕಳಿಗೆ, ಪ್ರತಿಭಾವಂತ ಅಕ್ಕನ ತಂಗಿಯರಿಗೆ ಇದಕ್ಕಿಂತ ಒಳ್ಳೆಯ ಉದಾಹರಣೆ ಬೇಕೆ?

ಅವನು ಹೇಳಿದ ಕಥೆಗಳಲ್ಲಿ ಬಭ್ರುವಾಹನನದು ಒಂದು. ಮಣಿಪುರದ ದೊರೆ ಬಭ್ರುವಾಹನ ಅರ್ಜುನನ ಮಗ. ಯಜ್ಞದ ಕುದುರೆಯನ್ನು ಕಟ್ಟಿದ ಮೇಲೆ ಅದು ತಂದೆಯದೆಂದು ತಿಳಿದು, ಕಾಣಿಕೆಗಳೊಡನೆ ಬಂದು ಕಾಲಿಗೆರಗುತ್ತಾನೆ. ಅರ್ಜುನನೋ ಮಗನ ವಿನಯವನ್ನು ಹೇಡಿತನವೆಂದು ಬಗೆದು ಅವಮಾನಿಸುತ್ತಾನೆ, ನನ್ನ ಮಗನೇ ಅಲ್ಲವೆನ್ನುತ್ತಾನೆ. ಆಗ ಮಗ ಬಿಲ್ಲೆತ್ತುತ್ತಾನೆ. ತಂದೆ ಉರುಳುತ್ತಾನೆ. ಕಥೆ ಅಲ್ಲಿಗೆ ಮುಗಿದಿದ್ದರೆ ಅದು ಬರೀ ಸೇಡಿನ ಕಥೆ. ಪಾತಾಳದಿಂದ ಸಂಜೀವಕ ಮಣಿಯನ್ನು ತರಲು ಹೊರಡುವವನೂ ಅದೇ ಮಗ. ತಂದೆ ಮತ್ತೆ ಕಣ್ಣು ತೆರೆದಾಗ ಎದುರಿಗೆ ಕಾಣುವ ಮಗ ಮೊದಲಿನವನಲ್ಲ. ತಂದೆಯೂ ಮೊದಲಿನವನಲ್ಲ.

ತಾನು ತಾನಾಗಲು ಹೊರಟ ಮಕ್ಕಳು ಒಂದಲ್ಲ ಒಂದು ದಿನ ಅಪ್ಪನ ಎದುರು ನಿಲ್ಲಬೇಕಾಗುತ್ತದೆ. ‘ಅಪ್ಪಾ, ನನಗೆ ಈ ಕೋರ್ಸು ಬೇಡ’ ಎನ್ನಬೇಕಾಗುತ್ತದೆ. ಮನೆಯಲ್ಲಿ ನಾಲ್ಕು ದಿನ ಊಟ ಸೇರುವುದಿಲ್ಲ. ಬಹಳ ಮಂದಿ ಇಲ್ಲಿಗೆ ನಿಲ್ಲಿಸಿಬಿಡುತ್ತಾರೆ. ಬಿಲ್ಲೆತ್ತಿದ್ದೇ ದೊಡ್ಡ ಸಾಧನೆ ಎಂದುಕೊಂಡು ಮನೆಯ ದಾರಿ ಮರೆಯುತ್ತಾರೆ. ಮಣಿಗಾಗಿ ಪಾತಾಳಕ್ಕಿಳಿಯುವುದು ಬಿಲ್ಲೆತ್ತುವುದಕ್ಕಿಂತ ಕಷ್ಟದ ಕೆಲಸ. ಮುರಿದ ಸಂಬಂಧವನ್ನು ಮತ್ತೆ ಕೂಡಿಸುವ ಹೊಣೆಯನ್ನು ಹೊತ್ತಾಗಲೇ ಬೆಳವಣಿಗೆ ಪೂರ್ತಿ. ಹಾಗೆಯೇ ಅಪ್ಪಂದಿರೂ ಮಗನ ಮೃದು ಮಾತನ್ನು ಹೇಡಿತನವೆಂದು ತಿಳಿದು ಅವನನ್ನು ಬಿಲ್ಲಿನತ್ತ ದೂಡಬಾರದು.

ಇಲ್ಲಿಯವರೆಗೆ ಹೇಳಿದ್ದು ತನ್ನನ್ನು ತಾನು ಬದಲಿಸಿಕೊಳ್ಳುವ ಮಾತು. ಇನ್ನೊಬ್ಬರನ್ನು ಬದಲಿಸಲು ಹೊರಟಾಗ ಏನಾಗುತ್ತದೆ? ಅದನ್ನು ಹೇಳಿದವರು ಅಜ್ಜಂಪುರದ ಹೆಸರನ್ನು ಕನ್ನಡ ಸಣ್ಣಕಥೆಗೆ ಸೇರಿಸಿದ ಅಜ್ಜಂಪುರ ಸೀತಾರಾಮ್. 1902ರಲ್ಲಿ ಹುಟ್ಟಿ 1963ರಲ್ಲಿ ತೀರಿಕೊಂಡ ಅವರು ಬರೆದದ್ದು ‘ಆನಂದ’ ಎಂಬ ಹೆಸರಿನಲ್ಲಿ. ಅವರ ‘ನಾನು ಕೊಂದ ಹುಡುಗಿ’ಯನ್ನು ಓದಿದವರು ಮರೆಯುವುದು ಕಷ್ಟ.

ಹಳ್ಳಿಯೊಂದರ ದೊಡ್ಡ ಮನೆಗೆ ವಿದ್ಯಾವಂತ ಅತಿಥಿಯೊಬ್ಬ ಬರುತ್ತಾನೆ. ಆ ಮನೆಯ ಹುಡುಗಿಯನ್ನು ಹರಕೆಯ ಕಾರಣಕ್ಕೆ ದೇವರಿಗೆ ಬಿಟ್ಟಿರುತ್ತಾರೆ, ಬಸವಿಯಾಗಿ. ಅತಿಥಿಯ ಸೇವೆ ತನ್ನ ಧರ್ಮವೆಂದು ನಂಬಿಕೊಂಡೇ ಅವಳು ಬೆಳೆದಿದ್ದಾಳೆ. ರಾತ್ರಿ ತನ್ನ ಬಳಿ ಬಂದ ಅವಳಿಗೆ ಅತಿಥಿ ಬುದ್ಧಿ ಹೇಳುತ್ತಾನೆ. ಇದು ಧರ್ಮವಲ್ಲ, ನಿನ್ನ ಬಾಳು ಹಾಳಾಗುತ್ತಿದೆ ಎಂದು ಕಣ್ಣು ತೆರೆಸುತ್ತಾನೆ. ಅವನು ಹೇಳಿದ್ದರಲ್ಲಿ ಸುಳ್ಳೇನೂ ಇಲ್ಲ. ಅವನ ಮನಸ್ಸಿನಲ್ಲಿ ಕೆಡುಕೂ ಇಲ್ಲ. ಆದರೆ ಆ ಹುಡುಗಿ ಪ್ರಾಣ ಕಳೆದುಕೊಳ್ಳುತ್ತಾಳೆ. ಕಥೆಯ ಹೆಸರಿನಲ್ಲಿರುವ ‘ನಾನು’ ಆ ಒಳ್ಳೆಯ ಮನುಷ್ಯನೇ.

ಅವಳು ಸತ್ತದ್ದು ಏಕೆ? ಅವಳು ನಿಂತಿದ್ದ ನೆಲ ಸುಳ್ಳಿನದೆಂದು ಅತಿಥಿ ತೋರಿಸಿಕೊಟ್ಟ. ಕಾಲಿಡಲು ಬೇರೆ ನೆಲವನ್ನು ಮಾತ್ರ ಕೊಡಲಿಲ್ಲ. ಅವನಿಗೆ ಮುಂದಿನ ಊರಿಗೆ ಹೋಗುವ ದಾರಿಯಿತ್ತು, ಅವಳಿಗೆ ಅದೇ ಮನೆ, ಅದೇ ಊರು. ಅಮೆರಿಕದ ಮನಶ್ಶಾಸ್ತ್ರಜ್ಞ ಅಬ್ರಹಾಂ ಮಾಸ್ಲೊ 1943ರಲ್ಲಿ ಮನುಷ್ಯನ ಅಗತ್ಯಗಳನ್ನು ಮೆಟ್ಟಿಲುಗಳಂತೆ ಜೋಡಿಸಿ ಹೇಳಿದ. ಮೊದಲು ಅನ್ನ ನೀರು, ಆಮೇಲೆ ಭದ್ರತೆ, ಆಮೇಲೆ ನಮ್ಮವರೆನ್ನುವ ಜನ, ಆಮೇಲೆ ಮರ್ಯಾದೆ. ತನ್ನೊಳಗಿನ ಶಕ್ತಿಯೆಲ್ಲ ಅರಳಿ ತಾನು ತಾನಾಗುವುದು ಕೊನೆಯ ಮೆಟ್ಟಿಲು. ವ್ಯಕ್ತಿತ್ವ ವಿಕಸನದ ತರಗತಿಗಳಲ್ಲಿ ಈ ಕೊನೆಯ ಮೆಟ್ಟಿಲಿನ ಮಾತೇ ಹೆಚ್ಚು. ಕೆಳಗಿನ ನಾಲ್ಕನ್ನು ಕಟ್ಟಿಕೊಡುವವರು ಯಾರು ಎಂಬ ಮಾತು ಕಡಿಮೆ. 1982ರಲ್ಲಿ ಕರ್ನಾಟಕ ದೇವದಾಸಿ ಪದ್ಧತಿಯನ್ನು ನಿಷೇಧಿಸುವ ಶಾಸನ ಮಾಡಿತು. ಪದ್ಧತಿ ತಪ್ಪೆಂದು ಸಾರುವುದು ಮೊದಲ ಹೆಜ್ಜೆ. ಹೊರಬಂದ ಹೆಣ್ಣಿಗೆ ಸೂರು, ದುಡಿಮೆ, ಮಕ್ಕಳಿಗೆ ಶಾಲೆ, ಊರಿನಲ್ಲಿ ತಲೆಯೆತ್ತಿ ನಡೆಯುವ ಮರ್ಯಾದೆ ಸಿಗದಿದ್ದರೆ ಆ ಹೆಜ್ಜೆ ಅಂತರದಲ್ಲೇ ಉಳಿಯುತ್ತದೆ.

ಇದು ಆ ಒಂದು ಪದ್ಧತಿಯ ಮಾತಷ್ಟೇ ಆಗಬೇಕಾಗಿಲ್ಲ. ಗಂಡನ ಹೊಡೆತ ಸಹಿಸುತ್ತಿರುವ ಗೆಳತಿಗೆ ‘ಬಿಟ್ಟು ಬಾರೆ’ ಎನ್ನುವುದು ಸುಲಭ. ಬಂದವಳು ಆ ರಾತ್ರಿ ಎಲ್ಲಿ ಮಲಗಬೇಕು ಎಂದೂ ಹೇಳುವವಳೇ ನಿಜವಾದ ಗೆಳತಿ. ‘ನಿನ್ನ ಮನಸ್ಸಿಗೆ ಬಂದದ್ದನ್ನು ಓದು’ ಎಂದು ಶಿಷ್ಯನನ್ನು ಹುರಿದುಂಬಿಸುವ ಮೇಷ್ಟರು ಅವನ ಅಪ್ಪನ ಜೊತೆ ಒಂದು ಸಂಜೆ ಕುಳಿತು ಮಾತಾಡಬೇಕು, ಹಾಸ್ಟೆಲಿನ ಅರ್ಜಿಯನ್ನೂ ತುಂಬಿಸಬೇಕು. ಸಿನಿಮಾ, ಪುಸ್ತಕ, ಮೊಬೈಲಿನ ಎರಡು ನಿಮಿಷದ ಭಾಷಣ, ಎಲ್ಲವೂ ಇಂದು ಆನಂದರ ಕಥೆಯ ಆ ಅತಿಥಿಯಂತೆ ಮನೆಗೆ ಬರುತ್ತವೆ. ಕಣ್ಣು ತೆರೆಸುತ್ತವೆ, ಬೆಳಗಾಗುವ ಮೊದಲೇ ಹೊರಟು ಹೋಗುತ್ತವೆ. ಉಳಿಯುವವರು ಮನೆಯವರು, ನೆರೆಯವರು.

ಕಡೂರು, ತರೀಕೆರೆ, ಅಜ್ಜಂಪುರದ ಈ ನಾಲ್ವರು ಒಬ್ಬರನ್ನೊಬ್ಬರು ಹೋಲುವುದಿಲ್ಲ. ಒಬ್ಬ ಉಳಿ ಹಿಡಿದವನು, ಮೂವರು ಲೇಖನಿ ಹಿಡಿದವರು. ಕಾಲ ಬೇರೆ, ಮತ ಬೇರೆ. ಆದರೆ ನಾಲ್ವರ ಕೆಲಸವನ್ನೂ ಒಟ್ಟಿಗಿಟ್ಟು ನೋಡಿದರೆ ಒಂದು ಸಂಗತಿ ಸ್ಪಷ್ಟವಾಗುತ್ತದೆ. ತನ್ನತನವೆಂಬುದು ಎಲ್ಲೋ ಸಿದ್ಧವಾಗಿ ಕುಳಿತ ವಸ್ತುವಲ್ಲ. ಊರು, ಭಾಷೆ, ಮನೆತನ, ಕಸುಬು ಕೊಟ್ಟ ಕಲ್ಲಿನಲ್ಲೇ ದಿನದಿನವೂ ಅದನ್ನು ಕಡೆಯಬೇಕು. ಹೊಯ್ಸಳರ ಬಳಪದ ಕಲ್ಲು ಗಣಿಯಿಂದ ತೆಗೆದಾಗ ಮೆತ್ತಗಿದ್ದು, ಗಾಳಿಗೆ ಒಡ್ಡಿದಂತೆ ಗಟ್ಟಿಯಾಗುತ್ತದಂತೆ. ಎಳೆಯ ಮನಸ್ಸೂ ಹಾಗೆಯೇ. ಮೆತ್ತಗಿರುವಾಗ ಅದರ ಮೇಲೆ ಇನ್ನೊಬ್ಬರ ಹೆಸರು ಕೆತ್ತಿಬಿಟ್ಟರೆ ಮುಂದೆ ಅಳಿಸುವುದು ಕಷ್ಟ.

ಆದ್ದರಿಂದ ಮನೆಯಲ್ಲಿ ಮಗನೋ ಮಗಳೋ ‘ನಾನು ಇದನ್ನು ಮಾಡುತ್ತೇನೆ’ ಎಂದು ಬಂದು ನಿಂತರೆ ತಕ್ಷಣ ಹೌದೆನ್ನಬೇಕಾಗಿಯೂ ಇಲ್ಲ, ಬೇಡವೆನ್ನಬೇಕಾಗಿಯೂ ಇಲ್ಲ. ಒಂದು ವರ್ಷ ಕೊಟ್ಟು ನೋಡಬಹುದು. ಆ ವರ್ಷದ ಊಟ, ಬಟ್ಟೆ, ಬಸ್ಸಿನ ಖರ್ಚು ಮನೆಯದು. ಬಿಡದೆ ದುಡಿಯುವ ಹೊಣೆ ಮಕ್ಕಳದು. ವರ್ಷದ ಕೊನೆಗೆ ಮಾತಿನ ಬದಲು ಮಾಡಿದ ಕೆಲಸವನ್ನು ನಡುವೆ ಇಟ್ಟುಕೊಂಡು ಅಪ್ಪ, ಅಮ್ಮ, ಮಕ್ಕಳು ಒಟ್ಟಿಗೆ ಕುಳಿತುಕೊಳ್ಳಲಿ. ಅದರಲ್ಲಿ ಕೈಯ ಗುರುತು ಕಾಣುತ್ತಿದ್ದರೆ ಮುಂದಿನ ವರ್ಷದ ಮಾತು ಸುಲಭವಾಗುತ್ತದೆ. ಕಾಣದಿದ್ದರೆ ಅದನ್ನು ಮೊದಲು ಹೇಳುವವರು ಮಕ್ಕಳೇ ಆಗಿರುತ್ತಾರೆ.